ನಾಲಾ ಬಯಲಿನ ಚಳಿಜ್ವರ ಮತ್ತು ಸೂಕ್ಷ್ಮದರ್ಶಕ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಇತಿಹಾಸವನ್ನು ಬರೆದವರು ಕೃಷ್ಣರಾಜಸಾಗರದ ನೀರು ಹರಿದು ರಾಗಿಯ ಹೊಲಗಳು ಕಬ್ಬು, ಭತ್ತದ ಗದ್ದೆಗಳಾದ ಸಂಗತಿಯನ್ನು ವಿಸ್ತಾರವಾಗಿ ಹೇಳಿದ್ದಾರೆ; ಅದೇ ನೀರಿನ ಹಿಂದೆಯೇ ಬಂದ ಚಳಿಜ್ವರವಾಗಲಿ, ಆ ಜ್ವರವನ್ನು ಅಳೆಯಲು ಹಳ್ಳಿಗಳನ್ನು ಹೊಕ್ಕ ಪ್ರಯೋಗಾಲಯದ ಸಲಕರಣೆಗಳಾಗಲಿ ಅವರ ಬರಹದಲ್ಲಿ ತಕ್ಕಷ್ಟು ಜಾಗ ಪಡೆದಿಲ್ಲ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಸಮೀಪದ ಶಿವನಸಮುದ್ರದಲ್ಲಿ ಕಾವೇರಿ 1902ರಿಂದಲೇ ವಿದ್ಯುತ್ತನ್ನು ಕೊಡುತ್ತಿದ್ದಳು. ಮೂರು ದಶಕಗಳ ತರುವಾಯ, ಅಂದಿನ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆಯ ಮೂಲಕ ಅದೇ ನದಿಯ ನೀರು ಮೇಲಿನ ಬಯಲಿಗೆ ತಿರುಗಿದಾಗ, ತೂಬಿನ ಬುಡದಲ್ಲಿ, ಬಸಿಗಾಲುವೆಯ ಅಂಚಿನಲ್ಲಿ, ಹೊಸದಾಗಿ ನೀರು ಕಟ್ಟಿದ ಗದ್ದೆಗಳಲ್ಲಿ ನಿಂತ ತಿಳಿನೀರು ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಗೆ ಹೇಳಿ ಮಾಡಿಸಿದ ತಾಣವಾಯಿತು.

ನಾಲೆಗೂ ಜ್ವರಕ್ಕೂ ಇರುವ ಈ ನಂಟು ಹೊಸದಾಗಿರಲಿಲ್ಲ. ಉತ್ತರ ಭಾರತದ ಯಮುನಾ ನಾಲೆಗಳ ಪ್ರದೇಶದಲ್ಲಿ ಟಿ. ಇ. ಡೆಂಪ್ಸ್ಟರ್ ಎಂಬ ವೈದ್ಯರು 1840ರ ದಶಕದಲ್ಲಿಯೇ ಹಳ್ಳಿಗರ ಹೊಟ್ಟೆಯ ಎಡಭಾಗವನ್ನು ಮುಟ್ಟಿ ನೋಡಿ, ಗುಲ್ಮ, ಅಂದರೆ ಪಕ್ಕೆಲುಬಿನಡಿ ಅಡಗಿರುವ ರಕ್ತ ಸೋಸುವ ಅಂಗ, ಎಷ್ಟು ಮಂದಿಯಲ್ಲಿ ಊದಿಕೊಂಡಿದೆ ಎಂದು ಎಣಿಸುವ ಕ್ರಮವನ್ನು ಬಳಕೆಗೆ ತಂದಿದ್ದರು. ಮಲೇರಿಯಾದ ರೋಗಾಣುವನ್ನು ಲಾವೆರಾನ್ 1880ರಲ್ಲಿ ಕಂಡುಕೊಳ್ಳುವುದಕ್ಕೂ, ಅದು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಾಣುವುದಕ್ಕೂ ಬಹು ಹಿಂದೆಯೇ ಹುಟ್ಟಿದ ಈ ಕ್ರಮಕ್ಕೆ ವೈದ್ಯನ ಅಂಗೈಯ ಹೊರತು ಬೇರೆ ಉಪಕರಣ ಬೇಕಿರಲಿಲ್ಲ. ಜನರು ಜ್ವರಗಡ್ಡೆ ಎಂದು ಕರೆಯುತ್ತಿದ್ದ ಊತವನ್ನೇ ಅದು ಲೆಕ್ಕಕ್ಕೆ ತಂದಿತ್ತು. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗುಲ್ಮ ಊದಿದ್ದರೆ ಆ ಊರು ಮಲೇರಿಯಾ ತೀವ್ರವಾಗಿ ಬೇರೂರಿದ ಊರು ಎಂದು ಮುಂದೆ ಜಾಗತಿಕ ಮಟ್ಟದಲ್ಲಿಯೂ ಎಣಿಸಲಾಯಿತು.

ಆದರೆ ಅಂಗೈ ಹೇಳುವುದು ಜ್ವರದ ಗುರುತನ್ನು ಮಾತ್ರ. ರೋಗಾಣುವನ್ನು ಕಾಣಲು ಸೂಕ್ಷ್ಮದರ್ಶಕದಡಿ ಇಡುವ ಗಾಜಿನ ಪಟ್ಟಿಯೇ ಬೇಕು. ಬೆರಳ ತುದಿಯನ್ನು ಸೂಜಿಯಿಂದ ಚುಚ್ಚಿ ತೆಗೆದ ಹನಿಯನ್ನು ಒಂದೆಡೆ ಮಂದವಾಗಿ ಹರಡಿ ಒಣಗಿಸುವುದು ದಪ್ಪ ಲೇಪ. ಇನ್ನೊಂದು ಪಟ್ಟಿಯ ಅಂಚನ್ನು ಓರೆಯಾಗಿ ಹಿಡಿದು ಒಂದೇ ಎಳೆತಕ್ಕೆ ತೆಳುವಾಗಿ ಸವರುವುದು ತೆಳು ಲೇಪ. ಮೊದಲನೆಯದರಲ್ಲಿ ಹೆಚ್ಚು ರಕ್ತ ಕಣ್ಣಿಗೆ ಬೀಳುವುದರಿಂದ ರೋಗಾಣು ಇದೆಯೇ ಎಂಬುದು ಬೇಗ ತಿಳಿಯುತ್ತದೆ, ಎರಡನೆಯದರಲ್ಲಿ ಕೆಂಪು ರಕ್ತಕಣಗಳು ಒಡೆಯದೆ ಉಳಿಯುವುದರಿಂದ ಅದು ಯಾವ ಜಾತಿಯದು ಎಂಬುದು ಗೊತ್ತಾಗುತ್ತದೆ. ಬಣ್ಣ ಹಾಕದ ಲೇಪದಲ್ಲಿ ರೋಗಾಣುವನ್ನು ಗುರುತಿಸುವುದು ಕಷ್ಟವಾದ್ದರಿಂದ, ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1944ರಲ್ಲಿ ರೂಪಿಸಿದ, ನೀರಿನಲ್ಲಿ ಕರಗುವ, ಬೇಗ ಬಣ್ಣ ಹಿಡಿಸುವ ದ್ರಾವಣವು ಹಳ್ಳಿಗಾಡಿನ ಕೆಲಸಕ್ಕೆ ದೊಡ್ಡ ನೆರವಾಯಿತು. ಇಂದಿಗೂ ಭಾರತದ ಮಲೇರಿಯಾ ಪ್ರಯೋಗಾಲಯಗಳಲ್ಲಿ ಅದು ಜೆ.ಎಸ್.ಬಿ. ಎಂಬ ಹೆಸರಿನಿಂದಲೇ ಬಳಕೆಯಲ್ಲಿದೆ.

ಮೈಸೂರು ಸಂಸ್ಥಾನದಲ್ಲಿ ನಡೆದ ಕೆಲಸಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ರೋಗಿಯ ರಕ್ತಕ್ಕೆ ಸಂಬಂಧಿಸಿದ್ದಲ್ಲ, ಸೊಳ್ಳೆಯ ಮೊಟ್ಟೆಗೆ ಸಂಬಂಧಿಸಿದ್ದು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಒಂದೇ ಜಾತಿಯ ಸೊಳ್ಳೆ ನಗರದ ಬಾವಿ, ತೊಟ್ಟಿಗಳಲ್ಲಿ ಹುಟ್ಟಿ ಮಲೇರಿಯಾ ಹರಡುತ್ತಿತ್ತು, ಹಳ್ಳಿಗಳಲ್ಲಿ ಅದೇ ಸೊಳ್ಳೆ ಹೇರಳವಾಗಿದ್ದರೂ ಬಹುಮಟ್ಟಿಗೆ ನಿರುಪದ್ರವಿಯಾಗಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಮತ್ತು ಮೈಸೂರಿನ ಬಿ. ಎ. ರಾವ್ ಈ ಒಗಟಿಗೆ ಉತ್ತರವನ್ನು ಮೊಟ್ಟೆಯಲ್ಲಿ ಹುಡುಕಿ 1937ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧ ಮಿಲಿಮೀಟರ್ ಉದ್ದದ, ತುದಿಗಳು ಮೊನಚಾದ ಆ ಮೊಟ್ಟೆಯ ಎರಡೂ ಪಕ್ಕಗಳಲ್ಲಿ ಈಜುಬುರುಡೆಗಳಂತೆ ಗಾಳಿ ತುಂಬಿದ ತೇಲುಕಗಳಿದ್ದು, ಪ್ರತಿಯೊಂದು ತೇಲುಕದ ಮೇಲೂ ಅಡ್ಡಡ್ಡಲಾಗಿ ಉಬ್ಬುಗೆರೆಗಳಿರುತ್ತವೆ. ಮೊಟ್ಟೆಯ ಉದ್ದಗಲಗಳನ್ನು ಅಳೆದು, ಗೆರೆಗಳನ್ನು ಒಂದೊಂದಾಗಿ ಎಣಿಸಿದಾಗ, ಗೆರೆ ಹೆಚ್ಚಿರುವ ನಗರದ ಬಗೆಯೊಂದು, ಕಡಿಮೆ ಇರುವ ಹಳ್ಳಿಯ ಬಗೆಯೊಂದು ಬೇರೆಬೇರೆಯಾಗಿ ತೋರಿ, ಎರಡನೆಯದಕ್ಕೆ ಮೈಸೂರೆನ್ಸಿಸ್ ಎಂದು ಹೆಸರಿಡಲಾಯಿತು. 1987ರಲ್ಲಿ ನಡೆದ ಮರುಪರಿಶೀಲನೆ ಮೊದಲನೆಯ ಬಗೆಗೆ 14ರಿಂದ 22, ಮೈಸೂರೆನ್ಸಿಸ್‌ಗೆ 9ರಿಂದ 15, ನಡುವಿನ ಇನ್ನೊಂದು ಬಗೆಗೆ 12ರಿಂದ 17 ಗೆರೆಗಳೆಂದು ನಿಗದಿಪಡಿಸಿತು. ಈ ಎಣಿಕೆಗಳು ಒಂದರೊಳಗೊಂದು ಸೇರಿಕೊಂಡಿರುವುದರಿಂದ ಒಂದೆರಡು ಮೊಟ್ಟೆ ನೋಡಿ ತೀರ್ಪು ಕೊಡುವಂತಿಲ್ಲ; ಹೆಣ್ಣು ಸೊಳ್ಳೆಗಳನ್ನು ಒಂದೊಂದನ್ನೇ ಬೇರೆಯಿರಿಸಿ ಮೊಟ್ಟೆಯಿಡಿಸಿ, ಒಂದೊಂದರ ಹಲವು ಮೊಟ್ಟೆಗಳನ್ನೂ ಪರೀಕ್ಷಿಸಬೇಕು. ಬೆಲೆಬಾಳುವ ಯಂತ್ರವಿಲ್ಲದೆ, ಸೂಕ್ಷ್ಮದರ್ಶಕ ಮತ್ತು ಕಣ್ಣಿನ ಶ್ರದ್ಧೆಯನ್ನಷ್ಟೇ ನೆಚ್ಚಿ ನಡೆದ ಈ ಕೆಲಸವನ್ನು ಕನ್ನಡ ನಾಡಿನ ವಿಜ್ಞಾನದ ಮೊದಲ ಸಾಲಿನ ಸಾಧನೆಗಳಲ್ಲಿ ಸೇರಿಸಲೇಬೇಕು.

ಮುಂದಿನ ದಶಕದಲ್ಲಿ ಡಿ.ಡಿ.ಟಿ. ಎಂಬ ಕೀಟನಾಶಕ ಬಂದಿತು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಮನೆಗಳ ಒಳಗೋಡೆಗಳಿಗೆ ಅದನ್ನು ಸಿಂಪಡಿಸಿ ಪಡೆದ ಫಲಿತಾಂಶಗಳು 1947ರಲ್ಲಿ ಪ್ರಕಟವಾದವು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಔಷಧಿ ಎಷ್ಟು ಫಲಿಸಿತೆಂದು ಹೇಳಿದ್ದೂ ಕೊನೆಗೆ ಅದೇ ಗಾಜಿನ ಪಟ್ಟಿಯೇ.

ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಪತ್ತೆಯಾದ ಮೇಲೆ, ಅದು ಯಾವ ಬಗೆಯದು ಎಂಬ ಪ್ರಶ್ನೆ ಮತ್ತೆ ಎದ್ದಿದ್ದು, ವಂಶವಾಹಿಗಳ ಪರೀಕ್ಷೆ ಬಂದಿರುವ ಈ ಕಾಲದಲ್ಲಿಯೂ ಮೈಸೂರೆನ್ಸಿಸ್ ಎಂಬ ಹೆಸರು ಸಂಶೋಧನಾ ಬರಹಗಳಲ್ಲಿ ಉಳಿದಿದೆ. ನಾಲಾ ಬಯಲಿನ ಹಳೆಯ ಆರೋಗ್ಯ ಕೇಂದ್ರಗಳಲ್ಲಿ ರಕ್ತಲೇಪನದ ದಾಖಲೆ ಪುಸ್ತಕಗಳಾಗಲಿ, ಹಿತ್ತಾಳೆಯ ಸೂಕ್ಷ್ಮದರ್ಶಕಗಳಾಗಲಿ ಇನ್ನೂ ಉಳಿದಿದ್ದರೆ, ಅವನ್ನು ಗುಜರಿಗೆ ಹಾಕದೆ ಜಿಲ್ಲೆಯ ಇತರ ದಾಖಲೆಗಳೊಡನೆ ಕಾಪಾಡುವ ಕೆಲಸ ತಡವಿಲ್ಲದೆ ಆಗಬೇಕು.