ಕೊಂಡದ್ದೋ, ಬಾಡಿಗೆಗೆ ತಂದದ್ದೋ?

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಕಾರ್ ರೇಸ್ ಗೇಮಿನ ಸಿಡಿಯೊಂದು ಸಿಕ್ಕಿತು. ಹಳೇ ಕಂಪ್ಯೂಟರಿಗೆ ಹಾಕಿದರೆ ಗರ್ರ್ ಅಂತ ತಿರುಗಿ ಶುರುವಾಗಿಯೇಬಿಟ್ಟಿತು! ಪಕ್ಕದಲ್ಲಿದ್ದ ಅಕ್ಕನ ಮಗ ಮುಖ ಸಪ್ಪಗೆ ಮಾಡಿಕೊಂಡ. "ನಾನು ದುಡ್ಡು ಕೊಟ್ಟು ತಗೊಂಡಿದ್ದು ಮಾತ್ರ ಹೋಯ್ತಲ್ಲ ಮಾಮಾ, ಸರ್ವರೇ ನಿಲ್ಲಿಸಿಬಿಟ್ರು."

'ಐ ಅಗ್ರೀ' ಒತ್ತುವ ಮುಂಚೆ ಓದಿದ್ಯೇನೋ ಅಂತ ಕೇಳಲು ಹೋಗಿ ಸುಮ್ಮನಾದೆ. ನಾನಾದರೂ ಯಾವತ್ತು ಓದಿದ್ದೆ? ಆ ಷರತ್ತುಗಳ ಕಥೆ ಹುಡುಕುತ್ತಾ ಕೂತೆ.

ಕಥೆಯ ಒಂದು ಮುಖ್ಯ ತಿರುವು 1996ರ ಅಮೆರಿಕದ್ದು. ಗೇಮಿನದಲ್ಲ, ಟೆಲಿಫೋನ್ ಡೈರೆಕ್ಟರಿಯ ಸಿಡಿಯದು. ಪ್ರೊಸಿಡಿ ಕಂಪನಿಯ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ, ಡಬ್ಬಿಯೊಳಗಿನ ಷರತ್ತಿಗೂ ಗ್ರಾಹಕ ಬದ್ಧ ಎಂದಿತು. ಒಪ್ಪದಿದ್ದರೆ ವಾಪಸ್ ಕೊಡಬಹುದಿತ್ತಲ್ಲ ಅನ್ನುವುದು ವಾದ.

ಆಮೇಲೆ 'ಸೆಕೆಂಡ್ ಲೈಫ್'. 2006ರಲ್ಲಿ ಮಾರ್ಕ್ ಬ್ರ್ಯಾಗ್ ಎಂಬ ವಕೀಲರು ಅದರೊಳಗೆ ಜಮೀನು ಕೊಂಡ ರೀತಿ ಸರಿಯಿಲ್ಲವೆಂದು ಕಂಪನಿ ಅವರ ಖಾತೆಯನ್ನೇ ಮುಚ್ಚಿತು. ಕೇಸು ಹಾಕಿದರೆ, ಷರತ್ತಿನ ಪ್ರಕಾರ ಕೋರ್ಟಿಗಲ್ಲ, ಮಧ್ಯಸ್ಥಿಕೆಗೆ ಬನ್ನಿ ಅಂದಿತು. 2007ರಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ಕೋರ್ಟು, ಆ ಷರತ್ತು ಏಕಪಕ್ಷೀಯ, ಅನ್ಯಾಯದ್ದು ಎಂದು ತಳ್ಳಿಹಾಕಿತು. ಕೊನೆಗೆ ಇಬ್ಬರೂ ರಾಜಿಯಾದರು.

ನಾವು ಓದುವುದಿಲ್ಲ ಅನ್ನುವುದಕ್ಕೆ ತಮಾಷೆಯ ಸಾಕ್ಷಿಯೂ ಇದೆ. 2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಅಂಗಡಿ ತನ್ನ ಷರತ್ತಿನಲ್ಲಿ 'ನಿಮ್ಮ ಆತ್ಮ ನಮಗೆ' ಎಂದು ಸೇರಿಸಿತ್ತು. ಸುಮಾರು 7,500 ಮಂದಿ ಆತ್ಮ ಬರೆದುಕೊಟ್ಟರಂತೆ!

ನಗು ನಿಲ್ಲುವುದು 'ದಿ ಕ್ರ್ಯೂ' ಹತ್ತಿರ. ಯೂಬಿಸಾಫ್ಟ್ 2014ರಲ್ಲಿ ತಂದ ಈ ಕಾರ್ ಗೇಮು ಒಬ್ಬರೇ ಆಡಿದರೂ ಇಂಟರ್ನೆಟ್ ಬೇಡುತ್ತಿತ್ತು. 2023ರ ಡಿಸೆಂಬರಿನಲ್ಲಿ ಮಾರಾಟ ನಿಂತಿತು, 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಡಿಸ್ಕ್ ಕೈಲಿದ್ದವರಿಗೂ ಆಟವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೇಸು ಬಿದ್ದಾಗ ಕಂಪನಿಯ ಉತ್ತರ: ನೀವು ಪಡೆದದ್ದು ಗೇಮಲ್ಲ, ಅದನ್ನು ಬಳಸುವ ಸೀಮಿತ ಪರವಾನಗಿ.

ಅದೇ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಬಂದಿದೆ. ಡಿಜಿಟಲ್ ಸರಕಿಗೆ 'ಕೊಳ್ಳಿ' ಎಂದು ಬರೆಯುವ ಅಂಗಡಿ, ಇದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಆದರೆ ಹೋದ ಗೇಮನ್ನು ಅದು ವಾಪಸ್ ತರುವುದಿಲ್ಲ. ಅದಕ್ಕೇ ಯುರೋಪಿನಲ್ಲಿ, ಮಾರಿದ ಗೇಮು ಆಡುವ ಸ್ಥಿತಿಯಲ್ಲೇ ಉಳಿಯಲಿ ಎಂಬ ಅಹವಾಲಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಹುಡುಗನಿಗೆ ಎರಡೇ ಮಾತು ಹೇಳಿದ್ದೇನೆ. ಮುಂದಿನ ಸಲ ದುಡ್ಡು ಕೊಡುವ ಮುಂಚೆ, ಇಂಟರ್ನೆಟ್ ಇಲ್ಲದೆ ಆಡಬಹುದಾ ನೋಡು. ಸರ್ವರ್ ನಿಲ್ಲಿಸಿದರೆ ಏನು ಅಂತ ಷರತ್ತಿನಲ್ಲಿ ಹುಡುಕು. ಸದ್ಯಕ್ಕೆ ಅವನು ನನ್ನ ಹಳೇ ಸಿಡಿ ಹಾಕಿಕೊಂಡು ಕೂತಿದ್ದಾನೆ, ಎಬ್ಬಿಸಿದರೂ ಏಳುತ್ತಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಮಾಯವಾದ ಗೇಮುಗಳಿವೆಯಾ? ಬರೆಯಿರಿ.