ಸಿಮ್ ರೇಸಿಂಗ್ ಬ್ರೇಕ್ ಪೆಡಲ್ ಮಾರ್ಪಾಡು

ಕಂಪ್ಯೂಟರ್‌ನಲ್ಲಿ ಕಾರ್ ರೇಸ್ ಆಡುವವರು ತಮ್ಮ ಬ್ರೇಕ್ ಪೆಡಲ್ ನಿಜವಾದ ಕಾರಿನ ಬ್ರೇಕಿನಂತೆ ಕಾಲಿಗೆ ಹದವಾಗಿ ಸಿಗಲೆಂದು ಮಾಡಿಕೊಳ್ಳುವ ತಿದ್ದುಪಡಿ. ಸ್ಪ್ರಿಂಗ್ ಬದಲಿಸುವುದರಿಂದ ಹಿಡಿದು ಒತ್ತುವ ಬಲವನ್ನು ಅಳೆಯುವ ಲೋಡ್ ಸೆಲ್ ಕೂರಿಸುವವರೆಗೆ ಇದರ ಹರವು.

ಗೋವಾದಲ್ಲಿ ಈ ತಿದ್ದುಪಡಿಗೆ ಕಾರಣವೂ ಇದೆ. ಗೋವಾ ಏಸಸ್, 2022ರಲ್ಲಿ ಶುರುವಾದ ಇಂಡಿಯನ್ ರೇಸಿಂಗ್ ಲೀಗಿನ ಮೊದಲ ಆರು ತಂಡಗಳಲ್ಲೊಂದು. ಆದರೆ ಆ ವರ್ಷದ ರೇಸ್‌ಗಳು ನಡೆದದ್ದು ಹೈದರಾಬಾದಿನ ರಸ್ತೆಗಳಲ್ಲಿ ಮತ್ತು ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿ. ಗೋವಾದ ಪಣಜಿ, ಮಡಗಾಂವ್‌ಗಳ ಹುಡುಗರಿಗೆ ದಿನನಿತ್ಯದ ಅಭ್ಯಾಸಕ್ಕೆ ಪರದೆಯ ಮೇಲಿನ ಟ್ರ್ಯಾಕೇ ಗತಿ.

ಕಾರಿನ ಬ್ರೇಕ್ ಮೊದಲು ಸ್ವಲ್ಪ ಸಡಿಲವಾಗಿ ಇಳಿದು, ಪ್ಯಾಡ್ ಡಿಸ್ಕಿಗೆ ತಾಗಿದ ಮೇಲೆ ಬಿಗಿಯಾಗುತ್ತದೆ. ಅಲ್ಲಿಂದಾಚೆ ಚಾಲಕ ಲೆಕ್ಕ ಹಾಕುವುದು ಪೆಡಲ್ ಎಷ್ಟು ಕೆಳಗೆ ಹೋಯಿತೆಂದಲ್ಲ, ಎಷ್ಟು ಬಲವಾಗಿ ಒತ್ತಿದೆನೆಂದು. ಅಗ್ಗದ ಪೆಡಲ್ ಸೆಟ್‌ಗಳಲ್ಲಿ ಇರುವುದು ಪೊಟೆನ್ಶಿಯೋಮೀಟರ್. ಅದು ಅಳೆಯುವುದು ಪೆಡಲ್ ಸರಿದ ದೂರವನ್ನು ಮಾತ್ರ. ಲಾಜಿಟೆಕ್ ಜಿ29 ಎಂಬ ಸೆಟ್ಟಿನ ಬ್ರೇಕ್ ಸ್ಪ್ರಿಂಗಿನೊಳಗೆ ಬಿಗಿ ಬರಲೆಂದು ಒಂದು ರಬ್ಬರ್ ತುಂಡು ಇಟ್ಟಿದ್ದಾರೆ. ಅದರ ಜಾಗಕ್ಕೆ ಪಾಲಿಯುರೆಥೇನ್ ಬುಷ್ ಅಥವಾ ಕತ್ತರಿಸಿದ ಸ್ಕ್ವಾಷ್ ಚೆಂಡು ಹಾಕುವುದು ಎಲ್ಲಕ್ಕಿಂತ ಸುಲಭದ ದಾರಿ. ತೀರಾ ಗಟ್ಟಿ ತುಂಡು ಹಾಕಿದರೆ ಪೆಡಲ್ ಕೊನೆ ಮುಟ್ಟದೆ ಆಟದಲ್ಲಿ ಪೂರ್ತಿ ಬ್ರೇಕ್ ಬೀಳುವುದಿಲ್ಲ; ಆಗ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು.

ರಬ್ಬರ್ ಕೊಡುವುದು ಅನುಭವವನ್ನಷ್ಟೇ, ಅಳತೆಯನ್ನಲ್ಲ. ಬಲವನ್ನು ಅಳೆಯಲು ಲೋಡ್ ಸೆಲ್ಲೇ ಬೇಕು. ಒತ್ತಿದಾಗ ಅದರ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜಿನ ವಿದ್ಯುತ್ ರೋಧ ಬದಲಾಗುತ್ತದೆ. ಸ್ವಂತವಾಗಿ ಜೋಡಿಸುವವರು ಆ ಬದಲಾವಣೆಯನ್ನು ಓದಲು ಎಚ್‌ಎಕ್ಸ್711 ಚಿಪ್ಪನ್ನೂ, ಅದನ್ನು ಕಂಪ್ಯೂಟರಿಗೆ ಕಳಿಸಲು ಆರ್ಡುಯಿನೊ ಬೋರ್ಡನ್ನೂ ಬಳಸುತ್ತಾರೆ. ಹಲವರು ಎಡವುವುದು ಇಲ್ಲೇ. ಮಾರುಕಟ್ಟೆಯಲ್ಲಿ ಸಿಗುವ ಈ ಚಿಪ್ಪಿನ ಬೋರ್ಡ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 10 ಸಲವಷ್ಟೇ ಓದುವಂತೆ ಹೊಂದಿಸಿರುತ್ತವೆ. ಗಂಟೆಗೆ 200 ಕಿ.ಮೀ. ವೇಗದ ಕಾರು ಒಂದು ಓದಿನಿಂದ ಇನ್ನೊಂದಕ್ಕೆ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ! ಚಿಪ್ಪಿನ ರೇಟ್ ಪಿನ್ನಿನ ಸಂಪರ್ಕ ಬದಲಿಸಿದರೆ 80 ಸಲ ಓದುತ್ತದೆ.

ಗೋವಾ ಕರಾವಳಿಯ ಹವೆಯದು ಬೇರೆಯದೇ ಕಾಟ. ಮಳೆಗಾಲದ ತೇವ, ಉಪ್ಪುಗಾಳಿ, ಬೇಸಿಗೆಯ ಕೆಂಪು ಧೂಳು ಸೇರಿ ಪೊಟೆನ್ಶಿಯೋಮೀಟರಿನ ಒಳಗಿನ ಪಟ್ಟಿ ಕೊಳೆಯಾಗುತ್ತದೆ. ಕಾಲು ತೆಗೆದಿದ್ದರೂ ಪರದೆಯಲ್ಲಿ ಬ್ರೇಕ್ ಗೆರೆ ಜಿಗಿಯುತ್ತಿದ್ದರೆ ಅದೇ ಲಕ್ಷಣ. ಎಣ್ಣೆ ಬಿಡಬಾರದು, ಅದಕ್ಕೆ ಇನ್ನಷ್ಟು ಧೂಳು ಹತ್ತುತ್ತದೆ. ಬೇಗ ಆರುವ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರಿಗೆ ಬದಲಿಸಿದರೆ ಉಜ್ಜುವ ಭಾಗವೇ ಇರುವುದಿಲ್ಲ. ತೆರೆದಿರುವ ಲೋಡ್ ಸೆಲ್ ತಂತಿಗಳ ಬೆಸುಗೆಗೆ ಹೊದಿಕೆ ಹಾಕದಿದ್ದರೆ ತೇವದಲ್ಲಿ ಅಳತೆ ಸರಿಯುತ್ತಾ ಹೋಗುತ್ತದೆ.

ಇನ್ನು ನೆಲ. ಜಿ29ರ ಅಡಿಯಲ್ಲಿ ಮಡಚಿಟ್ಟ ಹಲ್ಲುಗಳು ಕಾರ್ಪೆಟ್ಟಿಗೆಂದೇ ಮಾಡಿದವು. ನಮ್ಮ ಟೈಲ್ಸ್ ನೆಲದ ಮೇಲೆ ಅವು ನಿಷ್ಪ್ರಯೋಜಕ. ಪೆಡಲನ್ನು ಹಲಗೆಗೆ ಸ್ಕ್ರೂ ಮಾಡಿ, ಆ ಹಲಗೆಯನ್ನು ಕುರ್ಚಿಗೆ ಬಿಗಿಯಬೇಕು. ಇಲ್ಲವಾದರೆ ಚಕ್ರದ ಕುರ್ಚಿ ಪ್ರತಿ ಬ್ರೇಕಿಗೂ ಹಿಂದೆ ಸರಿಯುತ್ತದೆ, ಒಳ್ಳೆಯ ಲೋಡ್ ಸೆಲ್ ಕೂಡ ದಂಡ. ಹಣ ಒಂದಕ್ಕೇ ಇದ್ದರೆ ಮೊದಲು ಕುರ್ಚಿ ಕಟ್ಟುವುದೇ ಸರಿ, ಆಮೇಲೆ ರಬ್ಬರ್, ಕೊನೆಗೆ ಲೋಡ್ ಸೆಲ್. ಪೆಡಲ್ ಬಿಚ್ಚಿದರೆ ಸಾಮಾನ್ಯವಾಗಿ ವಾರಂಟಿ ಹೋಗುತ್ತದೆ; ತೆಗೆದ ಮೂಲ ಸ್ಪ್ರಿಂಗ್ ಮತ್ತು ರಬ್ಬರನ್ನು ಎಸೆಯದೆ ಇಟ್ಟುಕೊಳ್ಳಬೇಕು.