ಹೆಗಲ ಹಲಗೆ ಮುರಿದರೆ

ಬೆನ್ನಿನ ಮೇಲ್ಭಾಗದ ಹೆಗಲ ಹಲಗೆಗೆ ಸುತ್ತಲೂ ದಪ್ಪ ಮಾಂಸಖಂಡಗಳ ಕಾವಲಿದೆ. ಹಾಗಾಗಿ ಮೂಳೆ ಮುರಿತದ ನೂರು ಪ್ರಕರಣಗಳಲ್ಲಿ ಇದರದ್ದು ಒಂದು ಸಿಕ್ಕರೆ ಹೆಚ್ಚು. ಮುರಿಯಲು ಭಾರಿ ಪೆಟ್ಟೇ ಬೇಕು. ಜೊತೆಗೆ ಪಕ್ಕೆಲುಬು, ಶ್ವಾಸಕೋಶಗಳಿಗೂ ಏಟು ಬಿದ್ದಿರುವುದುಂಟು.

18ನೇ ಶತಮಾನದ ಪ್ಯಾರಿಸ್‌ನಲ್ಲಿ ಓತೆಲ್ ದ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪಿಯೆರ್ ಜೋಸೆಫ್ ದೆಸೋ ಈ ಮುರಿತದ ಬಗ್ಗೆಯೂ ಪಾಠ ಹೇಳಿದ. ಅವನ ಹೆಸರಿನ ಪಟ್ಟಿ ಇಂದಿಗೂ ಪ್ರಸಿದ್ಧ: ಕಂಕುಳಲ್ಲಿ ಮೆತ್ತೆಯಿಟ್ಟು, ತೋಳನ್ನು ಎದೆಗೆ ಒತ್ತಿ, ಬಟ್ಟೆಯನ್ನು ಸುತ್ತಿ ಸುತ್ತಿ ಬಿಗಿಯುವುದು. ಎಕ್ಸ್‌ರೇ ಇಲ್ಲ, ಅರಿವಳಿಕೆಯಿಲ್ಲ. ಆಗ ಇದಕ್ಕಿಂತ ಹೆಚ್ಚಿನದನ್ನು ಬಯಸುವುದೂ ಅನ್ಯಾಯ.

ಚಾಕು ಹಿಡಿದು ಒಳಗಿಳಿದವರಲ್ಲಿ ಮೊದಲಿಗ ಬೆಲ್ಜಿಯಂನ ಆಲ್ಬಾಂ ಲಾಂಬೋತ್. ಆಂಟ್‌ವರ್ಪ್‌ನ ಈ ಸರ್ಜನ್ ತನ್ನ ಉಪಕರಣಗಳನ್ನು ತಾನೇ ರೂಪಿಸುತ್ತಿದ್ದ. ಬಿಡುವಿನಲ್ಲಿ ಪಿಟೀಲುಗಳನ್ನೂ ತಯಾರಿಸುತ್ತಿದ್ದ. ಅಂಥ ಕೈಗೆ ತೆಳು ಮೂಳೆಗೆ ಪ್ಲೇಟು, ಸ್ಕ್ರೂ ಹಾಕುವ ಧೈರ್ಯ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಮೂಳೆಯನ್ನು ತಲುಪುವುದೇ ಕಷ್ಟ. 1964ರಲ್ಲಿ ಫ್ರಾನ್ಸಿನ ರೋಬೆರ್ ಜ್ಯೂದೆ ಹಿಂಬದಿಯ ದಾರಿಯೊಂದನ್ನು ವಿವರಿಸಿದ: ಹಲಗೆಯ ಏಣಿನ ಗುಂಟ ಸಾಗಿ, ಬೆನ್ನುಮೂಳೆ ಕಡೆಯ ಅಂಚಿನಲ್ಲಿ ಕೆಳಕ್ಕೆ ತಿರುಗುವ ಛೇದ. ಮಾಂಸಖಂಡವನ್ನು ಎಬ್ಬಿಸಿ ಪಕ್ಕಕ್ಕೆ ಸರಿಸಿದರೆ ಹಲಗೆ ಕಣ್ಣಿಗೆ ಬೀಳುತ್ತದೆ. ಆಗ ಆ ಮಾಂಸಖಂಡದ ನರವನ್ನು ಜೋಪಾನ ಮಾಡುವ ಎಚ್ಚರ ಬೇಕು.

ಇಷ್ಟೆಲ್ಲ ಆದರೂ ಹಲಗೆಯ ನಡುಭಾಗದ ಹೆಚ್ಚಿನ ಮುರಿತಗಳಿಗೆ ಈಗಲೂ ಜೋಳಿಗೆಪಟ್ಟಿಯೇ ಸಾಕು. ನೋವು ತಗ್ಗಿದಂತೆ ತೋಳು ತೂಗಾಡಿಸುವ ವ್ಯಾಯಾಮ ಶುರು. ತೋಳಿನ ಗುಂಡು ಕೂರುವ ಬಟ್ಟಲು ಒಡೆದು ಜರುಗಿದ್ದರೆ ಮಾತ್ರ ಸಿ.ಟಿ. ಸ್ಕ್ಯಾನ್ ನೋಡಿ ಆಪರೇಷನ್ನಿನ ಮಾತು ಬರುತ್ತದೆ.